ಕ್ರೈಸ್ತ ವಿವಾಹ: ಇಬ್ಬರ ಹೆಸರು, ಇಬ್ಬರ ಒಪ್ಪಿಗೆ

ಮದುವೆಯ ಕರೆಯೋಲೆ ಮನೆಗೆ ಬಂದಾಗ ನಾವೆಲ್ಲ ಮೊದಲು ನೋಡುವುದು ಎರಡೇ ಸಂಗತಿ: ಛತ್ರ ಯಾವುದು, ಊಟ ಎಷ್ಟು ಹೊತ್ತಿಗೆ. ವಧೂವರರ ಹೆಸರಿನ ಮುಂದೆ ಅಚ್ಚಾದ ಪದವಿಗಳನ್ನು ಕೆಲವರು ಓದುತ್ತಾರೆ. ಆ ಇಬ್ಬರು ಒಬ್ಬರಿಗೊಬ್ಬರು ಯಾವ ಮಾತು ಕೊಡಲಿದ್ದಾರೆ ಎಂದು ವಿಚಾರಿಸುವವರು ಕಡಿಮೆ. ದಾವಣಗೆರೆಯಲ್ಲೋ ಹರಿಹರದಲ್ಲೋ ನಿಮ್ಮ ಸಹಪಾಠಿಯ ಅಕ್ಕನ ಮದುವೆಗೆಂದು ನೀವು ಚರ್ಚಿಗೆ ಹೋಗಿದ್ದರೆ, ಒಂದು ಗಳಿಗೆ ನಿಮ್ಮ ನೆನಪಿನಲ್ಲಿ ಉಳಿದಿರಬಹುದು. ಹಾಡು ನಿಲ್ಲುತ್ತದೆ, ಜನ ಎದ್ದು ನಿಲ್ಲುತ್ತಾರೆ, ಗುರುಗಳು ಮದುಮಕ್ಕಳನ್ನು ಪ್ರಶ್ನೆ ಕೇಳುತ್ತಾರೆ. ಯಾರ ಒತ್ತಾಯವೂ ಇಲ್ಲದೆ, ಮನಃಪೂರ್ವಕವಾಗಿ ಬಂದಿದ್ದೀರಾ? ಬದುಕಿರುವಷ್ಟು ಕಾಲ ಒಬ್ಬರನ್ನೊಬ್ಬರು ಪ್ರೀತಿಸಿ ಗೌರವಿಸುವಿರಾ? ದೇವರು ಕೊಡುವ ಮಕ್ಕಳನ್ನು ಪ್ರೀತಿಯಿಂದ ಸ್ವೀಕರಿಸಿ ವಿಶ್ವಾಸದಲ್ಲಿ ಬೆಳೆಸುವಿರಾ? ಕಥೋಲಿಕ ವಿಧಿಯಲ್ಲಿ ಕೇಳುವ ಪ್ರಶ್ನೆಗಳ ತಾತ್ಪರ್ಯ ಇಷ್ಟು. ಆಮೇಲೆ ಇಬ್ಬರೂ ಕೈ ಹಿಡಿದು ಪ್ರತಿಜ್ಞೆ ಮಾಡುತ್ತಾರೆ.

ಆ ಪ್ರತಿಜ್ಞೆ ಹೇಗೆ ಆರಂಭವಾಗುತ್ತದೆ ಎಂಬುದನ್ನು ಗಮನಿಸಿದ್ದೀರಾ? ‘ನಾನು’ ಎಂಬ ಮಾತಿನಿಂದ. ಆ ‘ನಾನು’ವಿನ ಬೆನ್ನಿಗೇ ಹೇಳುವವರ ಹೆಸರು ಬರುತ್ತದೆ. ಇಂಥವರ ಮಗ, ಇಂಥವರ ಮಗಳು, ಇಂಥ ಕೆಲಸದಲ್ಲಿರುವವನು ಎಂಬುದು ಅಲ್ಲಿಲ್ಲ. ಬರಿಯ ಹೆಸರು ಸಾಕು. ಕ್ರೈಸ್ತ ವಿವಾಹದ ತಿರುಳೆಲ್ಲ ಈ ಪುಟ್ಟ ವಾಕ್ಯದಲ್ಲಿದೆ ಎಂದರೆ ಅತಿಶಯೋಕ್ತಿಯಲ್ಲ. ತಾನು ಯಾರೆಂದು ತಿಳಿದ ಒಬ್ಬ ವ್ಯಕ್ತಿ, ತಾನು ಯಾರೆಂದು ತಿಳಿದ ಇನ್ನೊಬ್ಬ ವ್ಯಕ್ತಿಗೆ, ದೇವರ ಮುಂದೆ ಕೊಡುವ ಮಾತು ಅದು. ಹೇಳುವವರ ‘ನಾನು’ ಟೊಳ್ಳಾಗಿದ್ದರೆ ಮಾತೂ ಟೊಳ್ಳು. ಮದುವೆಯ ಆರೋಗ್ಯ ಕೆಡಲು ಶುರುವಾಗುವುದು ಅನೇಕ ವೇಳೆ ಇಲ್ಲಿಂದಲೇ.

ವಿದ್ಯಾರ್ಥಿಗಳಿಗೆ ಈಗಲೇ ಮದುವೆಯ ಪಾಠ ಏಕೆ ಎಂದು ನೀವು ಕೇಳಬಹುದು. ಜಗದ್ಗುರು ಎರಡನೆಯ ಜಾನ್ ಪಾಲ್ ಅವರು 1981ರಲ್ಲಿ ಕುಟುಂಬದ ಬಗ್ಗೆ ಬರೆದ ಸುದೀರ್ಘ ಪತ್ರದಲ್ಲಿ ಮದುವೆಯ ಸಿದ್ಧತೆಯನ್ನು ಮೂರು ಹಂತಗಳಾಗಿ ನೋಡಿದರು. ಕೊನೆಯ ಹಂತ ಮದುವೆಗೆ ಮುಂಚಿನ ಕೆಲವು ತಿಂಗಳು, ವಾರಗಳದು. ಅದಕ್ಕೂ ಹಿಂದಿನದು ಹರೆಯದ್ದು. ಎಲ್ಲಕ್ಕೂ ಮೊದಲನೆಯದು ಬಾಲ್ಯದ್ದು: ಮನೆಯಲ್ಲಿ ಅಪ್ಪ ಅಮ್ಮ ಒಬ್ಬರೊಡನೊಬ್ಬರು ಮಾತನಾಡುವ ರೀತಿಯನ್ನು ಮಗು ನೋಡುವುದರಿಂದಲೇ ಅದು ಆರಂಭ. ಹಾಗೆ ನೋಡಿದರೆ ಈ ಪುಟ ಓದುತ್ತಿರುವ ನೀವೆಲ್ಲ ಒಂದು ಸಿದ್ಧತೆಯನ್ನು ಮುಗಿಸಿ ಎರಡನೆಯದರಲ್ಲಿದ್ದೀರಿ. ಯಾರೂ ಹಾಜರಿ ತೆಗೆದುಕೊಳ್ಳಲಿಲ್ಲ, ಅಷ್ಟೇ. ಕ್ರೈಸ್ತರಲ್ಲದ ವಿದ್ಯಾರ್ಥಿಗಳಿಗೂ ನೆರೆಮನೆಯವರ ಮದುವೆಯ ಅರ್ಥವೇನೆಂದು ತಿಳಿಯುವುದರಿಂದ ನಷ್ಟವಿಲ್ಲ.

ಹತ್ತಿಗಿರಣಿಗಳಿಂದ ಹೆಸರಾದ ದಾವಣಗೆರೆ, 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಕಂಡ ಹರಿಹರ, ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆ — ಇವು ಸುತ್ತಮುತ್ತಲ ಎಷ್ಟೋ ಊರುಗಳ ಜನರನ್ನು ಕೆಲಸಕ್ಕಾಗಿ ಸೆಳೆದ ಜಾಗಗಳು. ಹಾಗೆ ಬಂದವರಲ್ಲಿ ಕ್ರೈಸ್ತರೂ ಇದ್ದರು. ಆ ಕಿರ್ಲೋಸ್ಕರ್ ಕಾರ್ಖಾನೆ ಈಗಿಲ್ಲ. ಬಂದವರ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಕೆಲವರ ಮನೆಮಾತು ಕನ್ನಡ, ಕೆಲವರದು ಕೊಂಕಣಿ, ಕೆಲವರದು ತಮಿಳು. ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳು ಕೇರಳದ ಹುಡುಗಿಯರನ್ನೂ ಈ ಬಯಲುಸೀಮೆಗೆ ತಂದಿವೆ. ಕಥೋಲಿಕರಿದ್ದಾರೆ, ಪ್ರೊಟೆಸ್ಟೆಂಟ್ ಸಭೆಗಳವರಿದ್ದಾರೆ. ಕಥೋಲಿಕರ ಮಟ್ಟಿಗೆ ಈ ಪ್ರದೇಶ 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದೆ. ಸಂಖ್ಯೆಯಲ್ಲಿ ಚಿಕ್ಕ ಸಮುದಾಯ. ಆದರೆ ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಬರುವ ಜನಸಾಗರದಲ್ಲಿ ಯಾರು ಯಾವ ಮತದವರು ಎಂದು ಗುರುತಿಸುವುದು ಕಷ್ಟ. ಆರೋಗ್ಯ ಬೇಡಿಕೊಳ್ಳಲು ಬರುವವರಿಗೆ ಜಾತಿಯೆಲ್ಲಿ!

ಇಂಥ ಕಡೆ ಒಂದು ಚಿಕ್ಕ ಸಮುದಾಯದ ಹುಡುಗ ಹುಡುಗಿಯರಿಗೆ ‘ನಾನು ಯಾರು’ ಎಂಬ ಪ್ರಶ್ನೆ ಸುಲಭದ್ದಲ್ಲ. ಶಾಲೆಯಲ್ಲಿ ಒಂದು ಭಾಷೆ, ಮನೆಯ ಪ್ರಾರ್ಥನೆಯಲ್ಲಿ ಇನ್ನೊಂದು. ಹೆಸರು ಕೇಳಿದರೆ ‘ನೀವು ಯಾವ ಕಡೆಯವರು’ ಎಂಬ ಮರುಪ್ರಶ್ನೆ. ಮದುವೆಯ ಮಾತು ಬಂದಾಗ ಈ ಪ್ರಶ್ನೆಗಳೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತವೆ: ನಮ್ಮ ಸಭೆಯವರೇ ಆಗಬೇಕೇ, ನಮ್ಮ ಭಾಷೆಯವರೇ, ಕೊನೆಗೆ (ಹೇಳಲು ಬೇಸರ) ನಮ್ಮ ಜಾತಿಯವರೇ? ಜ್ಞಾನಸ್ನಾನ ಪಡೆದವರಲ್ಲಿ ಭೇದವಿಲ್ಲವೆಂದು ಸಂತ ಪೌಲರು ಬರೆದು ಎರಡು ಸಾವಿರ ವರ್ಷಗಳಾಗುತ್ತ ಬಂದರೂ ಕೊನೆಯ ಪ್ರಶ್ನೆಯನ್ನು ಮೆಲ್ಲಗೆ ಕೇಳುವ ಹಿರಿಯರು ನಮ್ಮ ನಡುವೆ ಇದ್ದಾರೆ.

ಕ್ರೈಸ್ತ ವಿಶ್ವಾಸದಲ್ಲಿ ಗುರುತಿನ ಬುಡ ಎಲ್ಲಿದೆ? ಬೈಬಲಿನ ಮೊದಲ ಗ್ರಂಥ ಆದಿಕಾಂಡದಲ್ಲಿ. ಗಂಡು ಹೆಣ್ಣು ಇಬ್ಬರೂ ದೇವರ ಹೋಲಿಕೆಯಲ್ಲೇ ಸೃಷ್ಟಿಯಾದವರು ಎಂಬ ಮಾತು ಅದರ ಮೊದಲ ಅಧ್ಯಾಯದಲ್ಲೇ ಬರುತ್ತದೆ. ಅಂದರೆ, ಒಬ್ಬಳು ಹೆಂಡತಿಯಾಗುವುದಕ್ಕೆ ಮೊದಲೇ ಪೂರ್ಣ ವ್ಯಕ್ತಿ, ಗಂಡನಿಂದ ಅವಳ ಬೆಲೆ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಎರಡನೆಯ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ: ಗಂಡಸು ತಂದೆತಾಯಿಯರನ್ನು ಬಿಟ್ಟು ಹೆಂಡತಿಯೊಂದಿಗೆ ಕೂಡಿಕೊಳ್ಳುತ್ತಾನೆಂದು. ನಮ್ಮ ಸಮಾಜದಲ್ಲಿ ತವರು ಬಿಡುವವಳು ಹೆಣ್ಣು. ಆ ಗ್ರಂಥದಲ್ಲಿ ಬಿಡುವವನು ಗಂಡು. ವಯಸ್ಸಾದ ತಾಯಿಯನ್ನು ಕೈಬಿಡು ಎಂದು ಅದರ ಅರ್ಥವಲ್ಲ. ಇನ್ನು ಮುಂದೆ ನಿನ್ನ ಮೊದಲ ನಿಷ್ಠೆ ಯಾರಿಗೆ ಎಂಬುದನ್ನು ಗಂಡಸಿಗೂ ಕೇಳಲಾಗಿದೆ ಎಂದರ್ಥ. ಅತ್ತೆ ಸೊಸೆಯರ ನಡುವೆ ಸಿಕ್ಕಿಕೊಂಡು ಬಾಯಿ ಮುಚ್ಚಿ ಕೂರುವ ಮಗನಿಗೆ ಈ ಮಾತು ನೇರವಾಗಿ ತಾಕಬೇಕು.

ಹರಿಹರದವರಿಗೆ ಇದನ್ನು ವಿವರಿಸಲು ಊರಿನಲ್ಲೇ ಒಂದು ಹೋಲಿಕೆಯಿದೆ. ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಮೂರ್ತಿಯಲ್ಲಿ ಹರನೂ ಹರಿಯೂ ಒಂದೇ ವಿಗ್ರಹದಲ್ಲಿದ್ದಾರೆ; ಹಾಗೆಂದು ಅವರ ಲಾಂಛನಗಳು ಕಲಸಿಹೋಗಿಲ್ಲ, ಅವರವರ ಬದಿಯಲ್ಲಿ ಅವರವರದು. ಇದು ದೇವಶಾಸ್ತ್ರದ ಹೋಲಿಕೆಯಲ್ಲ, ದಿನವೂ ಆ ಗುಡಿಯ ಮುಂದೆ ಹಾದುಹೋಗುವವರ ಕಣ್ಣಿಗೆ ಹೊಳೆಯುವ ಹೋಲಿಕೆ. ಒಂದಾಗುವುದೆಂದರೆ ಒಬ್ಬರು ಅಳಿಸಿಹೋಗುವುದಲ್ಲ.

ಈಗ ಒಪ್ಪಿಗೆಯ ವಿಷಯಕ್ಕೆ ಬರೋಣ. ಮದುವೆಯನ್ನು ಮಾಡುವುದು ಯಾವುದು? ಉಂಗುರವೇ, ತಾಳಿಯೇ, ಗುರುಗಳ ಆಶೀರ್ವಾದವೇ, ಐನೂರು ಜನರ ಊಟವೇ? 1983ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ: ಇಬ್ಬರ ಒಪ್ಪಿಗೆ. ಅದನ್ನು ಬೇರೆ ಯಾವ ಮಾನವ ಶಕ್ತಿಯೂ ಅವರ ಪರವಾಗಿ ಕೊಡಲಾರದು. ರೋಮಿನ ಸಂಪ್ರದಾಯದ ಕಥೋಲಿಕರಲ್ಲಿ ಮದುವೆಯೆಂಬ ಸಂಸ್ಕಾರವನ್ನು ಪರಸ್ಪರ ನೀಡುವವರು ವಧೂವರರೇ. ಗುರುಗಳು ಧರ್ಮಸಭೆಯ ಪರವಾಗಿ ಒಪ್ಪಿಗೆಯನ್ನು ಕೇಳಿ ಪಡೆಯುವ ಸಾಕ್ಷಿ. ಪ್ರೊಟೆಸ್ಟೆಂಟರು ಮದುವೆಯನ್ನು ಸಂಸ್ಕಾರವೆಂದು ಎಣಿಸುವುದಿಲ್ಲ, ದೇವರ ಮುಂದಿನ ಒಡಂಬಡಿಕೆ ಎನ್ನುತ್ತಾರೆ. ಆದರೆ ಸಭಾಪಾಲಕರು ಕೇಳುವುದೂ ಆ ಇಬ್ಬರನ್ನೇ. ಸರ್ಕಾರದ ಕಾನೂನೂ ಇದೇ ದಾರಿಯಲ್ಲಿದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ವಿವಾಹ ರಿಜಿಸ್ಟ್ರಾರರ ಮುಂದೆ ಆಗುವ ಮದುವೆಯಲ್ಲೂ ವಧೂವರರು ತಮ್ಮ ತಮ್ಮ ಹೆಸರು ಹೇಳಿ, ನೆರೆದವರನ್ನು ಸಾಕ್ಷಿಗೆ ಕರೆದು, ಒಬ್ಬರನ್ನೊಬ್ಬರು ಸ್ವೀಕರಿಸಬೇಕು.

ಒಪ್ಪಿಗೆಗೆ ಇಷ್ಟು ಕಾವಲು ಬಂದುದಕ್ಕೆ ಒಂದು ಚರಿತ್ರೆಯಿದೆ. ಯುರೋಪಿನಲ್ಲಿ ಹಿಂದೆ ಇಬ್ಬರು ಗುಟ್ಟಾಗಿ ಮಾತು ಕೊಟ್ಟುಕೊಂಡರೂ ಮದುವೆಯೆನಿಸುತ್ತಿತ್ತು. ಆಮೇಲೆ ಒಬ್ಬರು, ಬಹುಪಾಲು ಗಂಡಸು, ‘ನಾನು ಮಾತೇ ಕೊಟ್ಟಿಲ್ಲ’ ಎಂದರೆ ಸಾಬೀತು ಮಾಡುವುದು ಹೇಗೆ? 1563ರಲ್ಲಿ ಟ್ರೆಂಟ್ ಮಹಾಸಭೆ ನಿಯಮ ತಂದಿತು: ಚರ್ಚಿನಲ್ಲಿ ಮೂರು ಬಾರಿ ಬಹಿರಂಗ ಪ್ರಕಟಣೆ, ಗುರುಗಳ ಹಾಗೂ ಸಾಕ್ಷಿಗಳ ಸಮ್ಮುಖ, ಪುಸ್ತಕದಲ್ಲಿ ದಾಖಲೆ. ಇಂದು ಭಾನುವಾರದ ಪೂಜೆಯ ಕೊನೆಯಲ್ಲಿ ಇಂಥವರಿಗೂ ಇಂಥವರಿಗೂ ಮದುವೆ ನಿಶ್ಚಯವಾಗಿದೆ, ಅಡ್ಡಿಯಿದ್ದರೆ ತಿಳಿಸಿ ಎಂದು ಓದುವುದು ಆಗಿನ ಬಳುವಳಿ. ಅದೇ ಮಹಾಸಭೆಯಲ್ಲಿ, ತಂದೆತಾಯಿಯರ ಒಪ್ಪಿಗೆಯಿಲ್ಲದ ಮದುವೆ ಅಸಿಂಧುವೆಂದು ಸಾರಬೇಕೆಂಬ ಒತ್ತಡವೂ ಬಂದಿತ್ತು. ಸಭೆ ಅದಕ್ಕೆ ಮಣಿಯಲಿಲ್ಲ. ಹಿರಿಯರನ್ನು ಗೌರವಿಸಬೇಕೆಂದಿತು, ಆದರೆ ಮದುವೆಯ ಬೀಗದ ಕೈಯನ್ನು ಅವರ ಸೊಂಟಕ್ಕೆ ಕಟ್ಟಲಿಲ್ಲ.

ನಮ್ಮ ನಾಡಿಗೂ ಈ ಚರ್ಚೆ ಬಂದದ್ದು ಸ್ವಾರಸ್ಯಕರ. ಹದಿನೇಳನೆಯ ಶತಮಾನದಲ್ಲಿ ಜೆಸ್ವಿತ್ ಗುರುಗಳು ಮಧುರೆ, ಮೈಸೂರು, ಕರ್ನಾಟಿಕ್ ಪ್ರಾಂತಗಳಲ್ಲಿ ಈ ನೆಲದ ರೀತಿರಿವಾಜುಗಳನ್ನು ಉಳಿಸಿಕೊಂಡೇ ಕ್ರೈಸ್ತ ವಿಶ್ವಾಸ ಬೋಧಿಸಿದರು. ಅದು ಸರಿಯೇ ಎಂಬ ವಿವಾದ ರೋಮಿನವರೆಗೆ ಮುಟ್ಟಿತು. ಜಗದ್ಗುರುಗಳ ಪ್ರತಿನಿಧಿ ಟೂರ್ನೋನ್ ಪಾಂಡಿಚೇರಿಗೆ ಬಂದು 1704ರಲ್ಲಿ ಆಜ್ಞೆ ಹೊರಡಿಸಿದ. ಅನ್ಯದೇವತೆಯ ಚಿತ್ರವಿರುವ ತಾಳಿ ಕೂಡದೆಂದ. ಬದಲಿಗೆ ಶಿಲುಬೆಯಂಥ ಗುರುತು ಇರಲೆಂದ. ಇಂದು ಎಷ್ಟೋ ಕನ್ನಡ ಕ್ರೈಸ್ತ ಮದುವೆಗಳಲ್ಲಿ ಉಂಗುರದ ಜೊತೆ ಶಿಲುಬೆಯ ಗುರುತಿನ ತಾಳಿಯೂ ಇರುವುದನ್ನು ನೀವು ನೋಡಿರಬಹುದು. ಅದು ಎರವಲು ತಂದದ್ದಲ್ಲ, ಮೂರು ಶತಮಾನಗಳ ವಾದವಿವಾದ ದಾಟಿ ಉಳಿದದ್ದು. ಅದೇ ಆಜ್ಞೆಯಲ್ಲಿ ಇನ್ನೊಂದು ಅಂಶವಿದೆ, ಅದನ್ನು ನೆನೆಯುವವರು ಕಡಿಮೆ. ಆರೇಳು ವರ್ಷದ ಮಕ್ಕಳಿಗೆ ತಾಳಿ ಕಟ್ಟಿ ಬಿಡಿಸಲಾಗದ ಮದುವೆ ಎನ್ನುವ ಪದ್ಧತಿಯನ್ನು ಕ್ರೈಸ್ತರಲ್ಲಿ ಒಪ್ಪಬಾರದು ಎಂದಿತು ಅದು. ಒಪ್ಪಿಗೆ ಕೊಡಲಾರದ ವಯಸ್ಸಿನಲ್ಲಿ ಮದುವೆಯೆಲ್ಲಿಂದ? ತಾಳಿಯ ಬಗ್ಗೆ ಆದಷ್ಟು ಗಲಾಟೆ ಈ ಅಂಶದ ಬಗ್ಗೆಯೂ ಆಗಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನಿಸುತ್ತದೆ.

ಇರಲಿ. ಇಂದಿನ ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ಹುಡುಗಿ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ನರ್ಸ್, ಮನೆಯಲ್ಲಿ ಕೊಂಕಣಿ. ಹುಡುಗ ಹರಿಹರದವನು, ಕಾರ್ಖಾನೆಯ ಕೆಲಸಗಾರ, ಮನೆಯಲ್ಲಿ ಕನ್ನಡ. ಇಬ್ಬರೂ ಕಥೋಲಿಕರು. ಹಿರಿಯರು ಮಾತನಾಡಿ ನಿಶ್ಚಯ ಮಾಡಿದ್ದಾರೆ. ಹಿರಿಯರು ನೋಡಿ ಮಾಡಿದ ಮದುವೆ ಒಪ್ಪಿಗೆಯ ಮದುವೆಯಲ್ಲ ಎಂದು ಯಾರೂ ತಿಳಿಯಬಾರದು. ಹುಡುಕಿ ಕೊಟ್ಟವರು ಯಾರೇ ಆಗಲಿ, ‘ಹೂಂ’ ಎಂದವರು ಯಾರು, ಅದನ್ನು ಹೇಳಲು ಅವರಿಗೆ ಬಿಡುವಿತ್ತೇ, ‘ಊಹೂಂ’ ಎನ್ನಲು ಎಡೆಯಿತ್ತೇ ಎಂಬುದೇ ಪ್ರಶ್ನೆ.

ಇಬ್ಬರೂ ಜ್ಞಾನಸ್ನಾನದ ಪ್ರಮಾಣಪತ್ರ ತರಬೇಕು. ಬೇರೆ ಧರ್ಮಕೇಂದ್ರದಿಂದ ಬಂದವರು, ಅಲ್ಲಿ ತಮಗೆ ಮದುವೆಯಾಗಿಲ್ಲ ಎಂಬ ಪತ್ರವನ್ನೂ ತರಬೇಕಾಗುತ್ತದೆ. ಧರ್ಮಕ್ಷೇತ್ರದವರು ನಡೆಸುವ ವಿವಾಹ ಸಿದ್ಧತಾ ಶಿಬಿರದಲ್ಲಿ ಕೂರಬೇಕು. ಅನೇಕರು ಇದನ್ನು ಒಂದು ಸರ್ಟಿಫಿಕೇಟಿಗಾಗಿ ಸಹಿಸುವ ಕಾಟವೆಂದು ಬಗೆಯುತ್ತಾರೆ. ಹಣಕಾಸು, ಶರೀರ, ಸಿಟ್ಟು, ಮಕ್ಕಳು — ಮನೆಯಲ್ಲಿ ಯಾರೂ ಬಾಯಿಬಿಡದ ವಿಷಯಗಳನ್ನು ಒಬ್ಬ ವೈದ್ಯರೋ ಅನುಭವಿ ದಂಪತಿಗಳೋ ಅಲ್ಲಿ ಎದುರಿಗೆ ಕೂತು ಮಾತನಾಡುತ್ತಾರೆ. ಇದು ಕಾಟವಾದರೆ ಇಂಥ ಕಾಟ ಎಲ್ಲ ಮತದವರಿಗೂ ಇರಲಿ!

ಇದೆಲ್ಲಕ್ಕಿಂತ ಮುಖ್ಯವಾದದ್ದು ಗುರುಗಳ ವಿಚಾರಣೆ. ಇದರಲ್ಲಿ ಹುಡುಗನನ್ನೂ ಹುಡುಗಿಯನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳುವ ಪದ್ಧತಿಯಿದೆ. ಅಪ್ಪ ಅಮ್ಮ ಹೊರಗೆ ಕಾಯುತ್ತಿರುತ್ತಾರೆ. ‘ನಿನಗೆ ಯಾರಾದರೂ ಒತ್ತಾಯ ಮಾಡಿದ್ದಾರಾ ಅಮ್ಮಾ? ಹುಡುಗನ ಬಗ್ಗೆ ತಿಳಿಯಬೇಕಾದ್ದೆಲ್ಲ ತಿಳಿದಿದೆಯಾ?’ ಹುಡುಗನಿಗೂ ಇದೇ ಪ್ರಶ್ನೆ. ಉತ್ತರವನ್ನು ಬರೆದುಕೊಂಡು ಸಹಿ ಪಡೆಯುತ್ತಾರೆ. ಬಲಾತ್ಕಾರದಿಂದಲೋ ಘೋರ ಭಯದಿಂದಲೋ ಪಡೆದ ಒಪ್ಪಿಗೆಯಿಂದ ಆದ ಮದುವೆ ಧರ್ಮಸಭೆಯ ಕಾನೂನಿನಲ್ಲಿ ಮದುವೆಯೇ ಅಲ್ಲ. ಒಪ್ಪಿಗೆ ಪಡೆಯಲೆಂದೇ ಬದುಕನ್ನೇ ಕದಡುವಂಥ ಸಂಗತಿಯನ್ನು ಮುಚ್ಚಿಟ್ಟು ಮೋಸ ಮಾಡಿದ್ದರೂ ಹಾಗೆಯೇ. ಆದ್ದರಿಂದ ವಿದ್ಯಾರ್ಥಿಗಳೇ, ಮುಂದೆ ನಿಮ್ಮ ಸರದಿ ಬಂದಾಗ ಆ ಕೋಣೆಯ ಹತ್ತು ನಿಮಿಷಗಳನ್ನು ‘ಹೌದು ಫಾದರ್, ಇಲ್ಲ ಫಾದರ್’ ಎಂದು ಮುಗಿಸಿಬಿಡಬೇಡಿ. ಹೊರಗೆ ಹೇಳಲಾಗದ ಮಾತನ್ನು ಹೇಳಲು ಇರುವ ಜಾಗ ಅದು. ಛತ್ರ ಗೊತ್ತಾಗಿದೆ, ಕಾರ್ಡು ಅಚ್ಚಾಗಿದೆ ಎಂಬ ಕಾರಣಕ್ಕೆ ಇಷ್ಟವಿಲ್ಲದ ಮದುವೆಗೆ ತಲೆಯೊಡ್ಡುವುದಕ್ಕಿಂತ ಮುಂಗಡ ಹಣ ಕಳೆದುಕೊಳ್ಳುವುದು ಎಷ್ಟೋ ಅಗ್ಗ.

ನಮ್ಮ ಊಹೆಯ ಜೋಡಿ ಪರಸ್ಪರ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ. ರಾತ್ರಿಪಾಳಿ ಮುಗಿಸಿ ಬಂದ ದಿನ ಬೆಳಗಿನ ತಿಂಡಿ ಯಾರು ಮಾಡುತ್ತಾರೆ? ಅವಳ ಸಂಬಳದಲ್ಲಿ ತವರಿನ ತಮ್ಮನ ಫೀಸಿಗೆ ಎಷ್ಟು? ಅವನು ತಾಯಿಗೆ ಕೊಡುವುದೆಷ್ಟು, ಅದನ್ನು ಹೇಳಿ ಕೊಡುತ್ತಾನೋ ಹೇಳದೆಯೋ? ಸಂಜೆಯ ಜಪಸರ ಯಾವ ಭಾಷೆಯಲ್ಲಿ? ಹುಟ್ಟುವ ಮಗು ಯಾವ ಭಾಷೆಯಲ್ಲಿ ಅಮ್ಮ ಎನ್ನಬೇಕು? ಕೊಂಕಣಿಯ ಹುಡುಗಿ ಅತ್ತೆಮನೆಯಲ್ಲಿ ಕನ್ನಡ ಕಲಿಯುವುದು ಸಹಜ. ಗಂಡನೂ ನಾಲ್ಕು ಕೊಂಕಣಿ ಪ್ರಾರ್ಥನೆ ಕಲಿತರೆ ಅವನ ಕನ್ನಡವೇನೂ ಸವೆಯುವುದಿಲ್ಲ. ಇವು ಚಿಲ್ಲರೆ ವಿಷಯಗಳಂತೆ ಕಾಣಬಹುದು. ಮನೆ ಒಡೆಯುವುದು ಸಾಧಾರಣವಾಗಿ ಚಿಲ್ಲರೆಯಿಂದಲೇ.

ವಿಶ್ವಾಸ ಇಲ್ಲಿ ಏನು ಮಾಡುತ್ತದೆ? ಒಟ್ಟಿಗೆ ಪ್ರಾರ್ಥಿಸಿದರೆ ಜಗಳವೇ ಬರದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಜಗಳದ ನಂತರ ಏನು ಮಾಡಬೇಕು ಎಂಬುದನ್ನು ವಿಶ್ವಾಸ ಕಲಿಸುತ್ತದೆ. ಎಫೆಸದವರಿಗೆ ಬರೆದ ಪತ್ರದಲ್ಲಿ ಸಂತ ಪೌಲರು ಕೋಪವನ್ನು ಸೂರ್ಯ ಮುಳುಗುವ ಹೊತ್ತಿಗೆ ಮುಗಿಸಿಕೊಳ್ಳಿ ಎನ್ನುತ್ತಾರೆ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಮ್ಮ ಗಾದೆಯೂ ಹೇಳುತ್ತದೆ. ಆದರೆ ಎರಡಕ್ಕೂ ಒಂದು ವ್ಯತ್ಯಾಸವಿದೆ. ಗಾದೆ ಕೇಳಿದರೆ ಜಗಳ ತಾನಾಗಿ ಆರಿಹೋಗುವಂತೆ ತೋರುತ್ತದೆ. ಪೌಲರು ಅದನ್ನು ಮುಗಿಸುವ ಹೊಣೆಯನ್ನು ಕೋಪಗೊಂಡವರ ಮೇಲೆಯೇ ಹಾಕುತ್ತಾರೆ. ದಿನದ ಕೊನೆಗೆ ಮಂಡಿಯೂರಿ, ‘ನಮ್ಮ ತಪ್ಪುಗಳನ್ನು ಕ್ಷಮಿಸು’ ಎಂದು ದೇವರಲ್ಲಿ ಕೇಳುವ ಗಂಡನಿಗೆ ಪಕ್ಕದಲ್ಲೇ ಮಂಡಿಯೂರಿದ ಹೆಂಡತಿಯ ಕ್ಷಮೆ ಕೇಳಲು ನಾಲಿಗೆ ಹೊರಳದಿದ್ದರೆ ಆ ಪ್ರಾರ್ಥನೆ ಅರ್ಧದಲ್ಲೇ ನಿಂತಂತೆ.

ಅದೇ ಪತ್ರದ ಐದನೆಯ ಅಧ್ಯಾಯ ಮದುವೆಗಳಲ್ಲಿ ಬಹಳವಾಗಿ ಓದುವಂಥದು, ಬಹಳವಾಗಿ ತಪ್ಪು ತಿಳಿಯುವಂಥದು. ಹೆಂಡತಿ ಗಂಡನಿಗೆ ಅಧೀನಳಾಗಿರಬೇಕೆಂಬ ಭಾಗವನ್ನು ಬಾಯಿಪಾಠ ಮಾಡಿದ ಗಂಡಸರು, ಅದರ ಹಿಂದಿನ ವಚನದಲ್ಲೇ ಎಲ್ಲರೂ ಒಬ್ಬರಿಗೊಬ್ಬರು ಅಧೀನರಾಗಿರಿ ಎಂದಿರುವುದನ್ನು ಓದಿರುವುದಿಲ್ಲ. ಮುಂದೆ, ಕ್ರಿಸ್ತ ತನ್ನ ಜನರಿಗಾಗಿ ಪ್ರಾಣ ಕೊಟ್ಟಂತೆ ಗಂಡ ಹೆಂಡತಿಯನ್ನು ಪ್ರೀತಿಸಬೇಕೆಂದಿದೆ. ಎರಡರಲ್ಲಿ ಯಾವುದು ಹೆಚ್ಚು ಕಷ್ಟದ ಆಜ್ಞೆ ಎಂದು ನೀವೇ ತೂಗಿ ನೋಡಿ.

ಇಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾಗದು. ಕ್ಷಮೆ ಬೇರೆ, ಹೊಡೆತ ಸಹಿಸುವುದು ಬೇರೆ. ‘ಶಿಲುಬೆ ಹೊರು ಮಗಳೇ’ ಎಂದು ಹೊಡೆಯುವ ಗಂಡನ ಮನೆಗೆ ಹೆಣ್ಣುಮಗಳನ್ನು ವಾಪಸು ಕಳಿಸುವುದು ವಿಶ್ವಾಸವಲ್ಲ. ಸಂಗಾತಿಯಿಂದ ದೇಹಕ್ಕೋ ಆತ್ಮಕ್ಕೋ ಘೋರ ಅಪಾಯವಿದ್ದರೆ ಬೇರೆಯಾಗಿ ಬದುಕಲು ಧರ್ಮಸಭೆಯ ಸಂಹಿತೆಯೇ ಅವಕಾಶ ಕೊಟ್ಟಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಎಲ್ಲ ಮತದ ಹೆಣ್ಣುಮಕ್ಕಳಿಗೂ ಅನ್ವಯಿಸುತ್ತದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181. ನಿಮ್ಮ ಮನೆಯಲ್ಲೇ ಇಂಥದು ನಡೆಯುತ್ತಿದ್ದರೆ, ಅದು ನಿಮ್ಮ ತಪ್ಪಲ್ಲ. ನಂಬುಗೆಯ ಒಬ್ಬ ಹಿರಿಯರಿಗೆ ಹೇಳಿ.

ಮಕ್ಕಳ ವಿಷಯ. ಪ್ರಶ್ನೆಗಳಲ್ಲಿ ಅದೂ ಒಂದು ಎಂದೆ. ಮಕ್ಕಳಾಗದಿದ್ದರೆ ಮದುವೆ ಕೆಟ್ಟಿತೆಂದು ತಿಳಿದು ಸೊಸೆಯನ್ನು ದೂರುವ ಮನೆಗಳಿವೆ. ಬಂಜೆತನ ಮದುವೆಗೆ ಅಡ್ಡಿಯೂ ಅಲ್ಲ, ಅದರಿಂದ ಮದುವೆ ಅಸಿಂಧುವೂ ಆಗುವುದಿಲ್ಲವೆಂದು ಸಂಹಿತೆ ಹೇಳುತ್ತದೆ. 1917ರ ಹಳೆಯ ಸಂಹಿತೆ ಮಕ್ಕಳನ್ನು ಮದುವೆಯ ಪ್ರಧಾನ ಗುರಿಯೆಂದಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಬಂದ ಹೊಸ ಸಂಹಿತೆ ಇಡೀ ಬಾಳಿನ ಸಹಭಾಗಿತ್ವ ಎಂಬ ಮಾತಿನಿಂದ ಆರಂಭಿಸಿ, ದಂಪತಿಗಳ ಒಳಿತನ್ನೂ ಮಕ್ಕಳನ್ನೂ ಒಟ್ಟಿಗೆ ಹೇಳಿತು. ದೊಡ್ಡ ಬದಲಾವಣೆ.

ಇನ್ನು ವರದಕ್ಷಿಣೆ. ಕ್ರೈಸ್ತರಲ್ಲಿ ಅದಿಲ್ಲ ಎಂಬುದು ಒಳ್ಳೆಯ ಕಲ್ಪನೆ, ನಿಜವಲ್ಲ. ‘ನಾವೇನೂ ಕೇಳುವುದಿಲ್ಲ, ನಿಮ್ಮ ಮಗಳಿಗೆ ನೀವು ಹಾಕಿದಷ್ಟು’ ಎಂಬ ನಯವಾದ ಮಾತು ಎಲ್ಲ ಮತದಲ್ಲೂ ಒಂದೇ ಧಾಟಿಯಲ್ಲಿ ಕೇಳುತ್ತದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಕ್ರೈಸ್ತರಿಗೂ ಅನ್ವಯ. ಕೊಡುವುದಕ್ಕೂ ತೆಗೆದುಕೊಳ್ಳುವುದಕ್ಕೂ ಸಾಮಾನ್ಯವಾಗಿ ಕನಿಷ್ಠ 5 ವರ್ಷ ಜೈಲು, ಜೊತೆಗೆ ದಂಡ. ‘ಅವಳ ಪಾಲಿನ ಆಸ್ತಿಯನ್ನೇ ಕೊಟ್ಟಿದ್ದೇವೆ’ ಎಂಬ ಸಮರ್ಥನೆಗೂ ಕಾನೂನಿನ ಬೆಂಬಲವಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಕ್ರೈಸ್ತ ತಂದೆ ಉಯಿಲು ಬರೆಯದೆ ತೀರಿಕೊಂಡರೆ ಆಸ್ತಿಯ ಮೂರರಲ್ಲೊಂದು ಭಾಗ ಹೆಂಡತಿಗೆ, ಉಳಿದದ್ದು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಸಮ. ಕೇರಳದ ತಿರುವಾಂಕೂರು ಕಡೆ ಹಳೆಯ ಸಂಸ್ಥಾನದ ಕಾನೂನೊಂದು ಮಗಳಿಗೆ ಮಗನ ಪಾಲಿನ ಕಾಲು ಭಾಗ, ಅಥವಾ 5,000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕೊಟ್ಟು ಕೈತೊಳೆದುಕೊಳ್ಳುತ್ತಿತ್ತು. ಮೇರಿ ರಾಯ್ ಎಂಬ ಶಿಕ್ಷಕಿ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿ 1986ರಲ್ಲಿ ಗೆದ್ದರು. ದಾವಣಗೆರೆಯಲ್ಲಿ ಓದುತ್ತಿರುವ ಮಲಯಾಳಿ ಹುಡುಗಿಯರು ಆಕೆಯ ಹೆಸರನ್ನು ನೆನಪಿಡಬೇಕು.

ಬೇರೆ ಸಭೆಯವರನ್ನೋ ಬೇರೆ ಮತದವರನ್ನೋ ಮದುವೆಯಾಗುವ ಪ್ರಶ್ನೆ ಕಾಲೇಜು ವಿದ್ಯಾರ್ಥಿಗಳಿಗೆ ಹೊಸದಲ್ಲ. ಕಥೋಲಿಕರು ಪ್ರೊಟೆಸ್ಟೆಂಟರನ್ನು ವರಿಸಲು ಧರ್ಮಾಧ್ಯಕ್ಷರ ಅನುಮತಿ ಬೇಕು. ಜ್ಞಾನಸ್ನಾನ ಪಡೆಯದವರನ್ನು ವರಿಸಲು ವಿಶೇಷ ವಿನಾಯಿತಿ ಬೇಕು. ತನ್ನ ವಿಶ್ವಾಸ ಉಳಿಸಿಕೊಂಡು, ಮಕ್ಕಳಿಗೂ ಅದನ್ನು ಕೊಡಲು ಕೈಲಾದಷ್ಟು ಪ್ರಯತ್ನಿಸುತ್ತೇನೆಂದು ಕಥೋಲಿಕ ಸಂಗಾತಿ ಮಾತು ಕೊಡಬೇಕು. ಇನ್ನೊಬ್ಬರಿಗೆ ಈ ಮಾತನ್ನು ತಿಳಿಸಿರಬೇಕು, ಅಷ್ಟೇ. ಅವರು ಮತ ಬದಲಿಸಬೇಕೆಂದಿಲ್ಲ. ಸರ್ಕಾರದ ಕಡೆ 1954ರ ವಿಶೇಷ ವಿವಾಹ ಕಾಯ್ದೆಯಿದೆ, 30 ದಿನಗಳ ನೋಟಿಸು ಕೊಟ್ಟು ಇಬ್ಬರೂ ತಮ್ಮ ತಮ್ಮ ಮತದಲ್ಲಿದ್ದುಕೊಂಡೇ ಮದುವೆಯಾಗಬಹುದು. ದಾರಿಗಳಿವೆ. ಆದರೆ ಪ್ರೀತಿಯ ಭರದಲ್ಲಿ ‘ನನಗೆ ದೇವರು ದಿಂಡರು ಯಾವುದೂ ಮುಖ್ಯವಲ್ಲ’ ಎಂದು ಹೇಳಿ, ಮೊದಲ ಮಗು ತೊಟ್ಟಿಲಿಗೆ ಬಂದಾಗ ಮುಖ್ಯವಾಯಿತೆಂದು ಕಂಡುಕೊಳ್ಳುವವರುಂಟು. ತನ್ನ ವಿಶ್ವಾಸ ತನಗೆಷ್ಟು ಮುಖ್ಯ ಎಂಬುದನ್ನು ಮೊದಲು ತನಗೆ ತಾನೇ, ಆಮೇಲೆ ಪ್ರೀತಿಸಿದವರಿಗೆ, ನಿಜವಾಗಿ ಹೇಳುವುದು ಇಬ್ಬರಿಗೂ ಮಾಡುವ ಉಪಕಾರ.

ಕಾನೂನಿನ ಇನ್ನೊಂದು ತಿರುವು. 1869ರ ವಿಚ್ಛೇದನ ಕಾಯ್ದೆಯಲ್ಲಿ ಗಂಡ ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಸಾಕಿತ್ತು. ಹೆಂಡತಿ ಸಾಮಾನ್ಯವಾಗಿ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ತೊರೆದುಹೋದುದನ್ನೋ ಸಹ ಸಾಬೀತುಪಡಿಸಬೇಕಿತ್ತು. ಈ ಅನ್ಯಾಯ ತೊಲಗಿದ್ದು 2001ರ ತಿದ್ದುಪಡಿಯಿಂದ. ಚರ್ಚಿನ ನ್ಯಾಯಮಂಡಳಿ ಒಂದು ಮದುವೆಯನ್ನು ಅಸಿಂಧುವೆಂದು ತೀರ್ಮಾನಿಸಿದರೆ ಅದು ಚರ್ಚಿನೊಳಗೆ ಮಾತ್ರ. ಅದಕ್ಕೆ ದೇಶದ ಕಾನೂನಿನ ಮಾನ್ಯತೆ ಬೇಕೆಂದು ಕರ್ನಾಟಕದ ವಕೀಲರಾದ ಕ್ಲಾರೆನ್ಸ್ ಪಾಯ್ಸ್ ಅವರು ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ತಳ್ಳಿಹಾಕಿತು. ಸಿವಿಲ್ ನ್ಯಾಯಾಲಯದ ಆದೇಶವಿಲ್ಲದೆ ಮರುಮದುವೆಯಾದರೆ ಅದು ದ್ವಿಪತ್ನಿತ್ವದ ಅಪರಾಧವಾಗಬಹುದು ಎಂಬುದು ಅನೇಕ ವಿದ್ಯಾವಂತರಿಗೇ ತಿಳಿದಿಲ್ಲ.

ಕೊನೆಗೆ ನಮ್ಮ ಜೋಡಿಯ ಮದುವೆಯ ದಿನಕ್ಕೆ ಬರೋಣ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಇವರಿಗೆ ತುಂಬಿ ಹಲವು ವರ್ಷಗಳಾಗಿವೆ. 1872ರ ಕಾಯ್ದೆಯಂತೆ ಸಾಮಾನ್ಯವಾಗಿ ಬೆಳಿಗ್ಗೆ 6ರಿಂದ ಸಂಜೆ 7ರ ಒಳಗೆ ಮದುವೆ ನಡೆಯಬೇಕು. ಪ್ರತಿಜ್ಞೆ, ಉಂಗುರ, ತಾಳಿ, ಬಲಿಪೂಜೆ ಮುಗಿದ ಮೇಲೆ ಜನ ಫೋಟೋಗೆ ನುಗ್ಗುವ ಹೊತ್ತಿನಲ್ಲಿ ಮದುಮಕ್ಕಳು, ಇಬ್ಬರು ಸಾಕ್ಷಿಗಳು, ಗುರುಗಳು ರಿಜಿಸ್ಟರಿಗೆ ಸಹಿ ಹಾಕುತ್ತಾರೆ. ಮದುವೆಯಾದ ಹೆಣ್ಣು ಗಂಡನ ಮನೆತನದ ಹೆಸರನ್ನು ಇಟ್ಟುಕೊಳ್ಳಲೇಬೇಕೆಂದು ಯಾವ ಕಾನೂನೂ ಇಲ್ಲ. ಅವಳಿಗೆ ಬೇಕಿದ್ದರೆ ಉಂಟು. ಇಷ್ಟಾದ ಮೇಲೆ ಚರ್ಚಿನ ಕಚೇರಿಯಿಂದ, ಇಬ್ಬರಿಗೂ ಎಲ್ಲೆಲ್ಲಿ ಜ್ಞಾನಸ್ನಾನವಾಗಿತ್ತೋ ಆ ಧರ್ಮಕೇಂದ್ರಗಳಿಗೆ ಒಂದೊಂದು ಸೂಚನೆ ಹೋಗುತ್ತದೆ. ಅಲ್ಲಿಯ ಹಳೆಯ ಪುಸ್ತಕವನ್ನು ತೆಗೆದು, ಅವಳಿಗೆ ಕೂಸಿದ್ದಾಗ ಕೊಟ್ಟ ಹೆಸರು ಬರೆದಿರುವ ಸಾಲನ್ನು ಹುಡುಕಿ, ಅದರ ಪಕ್ಕದ ಅಂಚಿನಲ್ಲಿ ಮದುವೆಯ ತಾರೀಖನ್ನೂ ಊರನ್ನೂ ಗಂಡನ ಹೆಸರನ್ನೂ ಬರೆದಿಡುತ್ತಾರೆ.